ಕೋಲೀನ್ ಕ್ಲೋರೈಡ್–ಯೂರಿಯಾ ದ್ರವ ತಣ್ಣಗಾದ ಮೇಲೆ ಗಟ್ಟಿಯಾಗುತ್ತಿದ್ದರೆ
ಕೋಲೀನ್ ಕ್ಲೋರೈಡ್ ಅನ್ನುವ ಲವಣ, ಯೂರಿಯಾ ಎರಡೂ ಪುಡಿಗಳೇ; ಸರಿಯಾದ ಪ್ರಮಾಣದಲ್ಲಿ ಬೆರೆಸಿ ಕಾಯಿಸಿದರೆ ದ್ರವವಾಗುತ್ತವೆ. ನೀವು 10 ಗ್ರಾಂ ಕೋಲೀನ್ ಕ್ಲೋರೈಡ್‌ಗೆ 20 ಗ್ರಾಂ ಯೂರಿಯಾ ಹಾಕಿದೆ ಅಂದಿರಲ್ಲ, ತಪ್ಪು ಬಹುಶಃ ಅಲ್ಲೇ ಇದೆ. ಇವೆರಡರ ಪ್ರಮಾಣ 1:2 ಅನ್ನುವುದು ಮೋಲ್ ಲೆಕ್ಕ (ಅಂದರೆ ಕಣಗಳ ಎಣಿಕೆ), ತೂಕದ್ದಲ್ಲ. 10 ಗ್ರಾಂಗೆ 8.6 ಗ್ರಾಂ ಯೂರಿಯಾ ಸಾಕು. ನಾನೂ ಮೊದಲ ಸಲ ಹೀಗೇ ಎಡವಿದ್ದೆ.

ಈ ದ್ರವದಲ್ಲಿ ಕ್ಲೋರೈಡ್ ಅಯಾನನ್ನು ಯೂರಿಯಾದ ಎನ್-ಎಚ್‌ಗಳೂ ಕೋಲೀನ್‌ನ ಓ-ಎಚ್ ಕೂಡ ಹೈಡ್ರೋಜನ್ ಬಂಧದಿಂದ (ಹೈಡ್ರೋಜನ್ ಮೂಲಕ ಆಗುವ ದುರ್ಬಲ ಸೆಳೆತದಿಂದ) ಸುತ್ತುವರಿಯುತ್ತವೆ. ಹಾಗಾಗಿ ಯೂರಿಯಾ, ಕೋಲೀನ್ ಕ್ಲೋರೈಡ್ ಎರಡೂ ತಮ್ಮ ಹಳೇ ಹರಳಿನ ಜೋಡಣೆಗೆ ಸುಲಭವಾಗಿ ಮರಳುವುದಿಲ್ಲ. ಯೂರಿಯಾ ಜಾಸ್ತಿಯಾದರೆ ಹಿಡಿದಿಡಲು ಕ್ಲೋರೈಡ್ ಸಾಲದು. ಮಿಕ್ಕಿದ್ದು ಹರಳಾಗಿ ಕೂರುತ್ತದೆ.

ಗಟ್ಟಿಯಾದದ್ದನ್ನು ಚೆಲ್ಲಬೇಡಿ. ಅದರೊಳಗೇ ಇನ್ನೂ 13.2 ಗ್ರಾಂ ಕೋಲೀನ್ ಕ್ಲೋರೈಡ್ ಸೇರಿಸಿ. ಹಾಗೆ ಸೇರಿಸುವ ಕೋಲೀನ್ ಕ್ಲೋರೈಡನ್ನು ಮೊದಲು ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ, ಆಮೇಲೆ ಬೇಗ ತೂಗಿ. ಗಾಳಿಯ ತೇವ ಹೀರುವುದರಲ್ಲಿ ಅದು ಉಪ್ಪನ್ನೂ ಮೀರಿಸುತ್ತದೆ! ನಂತರ 80 ಡಿಗ್ರಿಯಲ್ಲಿ, ಪೂರ್ತಿ ತಿಳಿಯಾಗುವವರೆಗೆ ಕಲಕುತ್ತಿರಿ. ಜಾಸ್ತಿ ಕಾಯಿಸಿದರೆ ಯೂರಿಯಾ ಒಡೆದು ಅಮೋನಿಯಾ ವಾಸನೆ ಬರುತ್ತದೆ.

ಆಮೇಲೂ ಗಟ್ಟಿಯಾದರೆ ಕೋಣೆ ಎಷ್ಟು ತಣ್ಣಗಿದೆ ನೋಡಿ. ಇದರ ಕರಗುವ ಬಿಂದು 12 ಡಿಗ್ರಿ ಎಂದು ಹಲವರು ಬರೆದಿದ್ದಾರೆ, ಚೆನ್ನಾಗಿ ಒಣಗಿಸಿದ್ದಕ್ಕೆ 25ರ ಆಸುಪಾಸು ಅಂತಲೂ ವರದಿ ಇದೆ. ಎಸಿ ಕೋಣೆಯಾದರೆ ಸ್ವಲ್ಪ ಬೆಚ್ಚಗಿಟ್ಟು ಬಳಸಿ.