ಬೆನ್ನುಹುರಿಗೆ ಪೆಟ್ಟಾಗಿ ವೀಲ್‌ಚೇರ್ ಬಳಸುವ ತಮ್ಮನಿಗೆ ಫಿಟ್‌ನೆಸ್ ವಾಚ್ ಕೊಡಿಸಿದರೆ ಪ್ರಯೋಜನವಿದೆಯಾ?

ಇದೆ. ಆದರೆ ವಾಚ್ ತೋರಿಸುವ ಅಂಕಿಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅನ್ನೋದು ಗೊತ್ತಿರಬೇಕು. ನಾನೂ ಒಂಬತ್ತು ವರ್ಷದಿಂದ ವೀಲ್‌ಚೇರ್ ಬಳಸುತ್ತಿದ್ದೇನೆ. ನನಗೆ ಪೆಟ್ಟಾಗಿದ್ದು ಕೆಳಬೆನ್ನಿಗೆ, ಕೈಗಳು ಗಟ್ಟಿಯಾಗಿವೆ.

ನನ್ನ ಮೊದಲ ವಾಚಿಗೆ ವೀಲ್‌ಚೇರ್ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಒಂದು ಸಮಾರಂಭದಲ್ಲಿ ಕೂತು ಚಪ್ಪಾಳೆ ತಟ್ಟಿದ್ದಕ್ಕೆ ಹೆಜ್ಜೆ ಎಣಿಸಿತು. ಅದೇ ದಿನ ಉದ್ದದ ರ‍್ಯಾಂಪ್ ಹತ್ತಿ ಏದುಸಿರು ಬಿಟ್ಟಿದ್ದೆ, ಅದು ಲೆಕ್ಕಕ್ಕೇ ಬರಲಿಲ್ಲ. ಮೇಲಿಂದ ಗಂಟೆಗೊಮ್ಮೆ ‘ಎದ್ದು ನಿಲ್ಲಿ’ ಅನ್ನೋದು ಬೇರೆ!

ಅದರ ತಪ್ಪೂ ಅಲ್ಲ ಬಿಡಿ. ಒಳಗಿರುವ ಸೆನ್ಸರ್ ಅಳೆಯುವುದು ಕೈಯ ಅಲುಗಾಟವನ್ನು, ಹಾಕುವ ಬಲವನ್ನಲ್ಲ. ಏರಿನಲ್ಲಿ ಕೈ ನಿಧಾನವಾಗಿ ಚಲಿಸುತ್ತದೆ, ಆದರೆ ಬಲ ದುಪ್ಪಟ್ಟು ಬೇಕು. ಹಾಗಾಗಿ ವೀಲ್‌ಚೇರ್ ಸೆಟ್ಟಿಂಗ್ ಇರುವ ವಾಚನ್ನೇ ನೋಡಿ. ಆ್ಯಪಲ್ ವಾಚಿನಲ್ಲಿ ಇದು 2016ರಲ್ಲಿ ಬಂತು. ಹೆಜ್ಜೆ ಬದಲು ಪುಶ್, ಅಂದ್ರೆ ಕೈಯಿಂದ ಚಕ್ರ ತಳ್ಳಿದ್ದನ್ನು ಎಣಿಸುತ್ತದೆ. ಸೆಟ್ಟಿಂಗನ್ನು ನಾವೇ ಆನ್ ಮಾಡಬೇಕು, ಮರೆಯಬೇಡಿ.

ಕ್ಯಾಲರಿ ಅಂಕಿ ನೋಡಿ ಊಟದ ಲೆಕ್ಕ ಹಾಕಬೇಡಿ. ಸುಮ್ನೆ ಕೂತಾಗ ಒಂದು ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಬೇಕು ಅನ್ನೋದು ಸಾಮಾನ್ಯ ಲೆಕ್ಕ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಅಳೆದಾಗ ಸಿಕ್ಕಿದ್ದು ಸುಮಾರು 2.7. ಅಲುಗದ ಸ್ನಾಯುಗಳು ಸೊರಗಿರುತ್ತವೆ, ಅಲ್ವಾ? ಹಳೆಯ ಲೆಕ್ಕವನ್ನೇ ಹಿಡಿದರೆ ಕ್ಯಾಲರಿ ಜಾಸ್ತಿ ಕಾಣುತ್ತದೆ.

ಹೃದಯ ಬಡಿತದ ವಿಷಯ ಪೆಟ್ಟು ಎಲ್ಲಿ ಆಗಿದೆ ಅನ್ನೋದರ ಮೇಲೆ ನಿಂತಿದೆ. ನನಗೆ ಅದು ಸರಿಯಾಗಿಯೇ ಏರುತ್ತದೆ. ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾಗಿದ್ದರೆ ಹೃದಯಕ್ಕೆ ‘ಜೋರಾಗಿ ಬಡಿ’ ಎಂದು ಹೇಳುವ ನರಗಳ ದಾರಿಯೇ ಕಡಿದಿರಬಹುದು. ಎಷ್ಟು ಶ್ರಮಪಟ್ಟರೂ ಬಡಿತ 110-130ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ವಾಚ್ ‘ಹಗುರ ವ್ಯಾಯಾಮ’ ಅನ್ನುತ್ತದೆ, ಮನುಷ್ಯ ಮಾತ್ರ ಸುಸ್ತಾಗಿ ಬಿದ್ದಿರುತ್ತಾನೆ. ಅಂಥವರು ಎಷ್ಟು ಕಷ್ಟವಾಯಿತು ಅಂತ ಹತ್ತಕ್ಕೆ ಅಂಕ ಕೊಟ್ಟುಕೊಳ್ಳುವುದೇ ವಾಸಿ.

ಚಕ್ರಕ್ಕೆ ಹಾಕುವ ಸೆನ್ಸರ್‌ಗಳೂ ಇವೆ. 24 ಇಂಚಿನ ಚಕ್ರ ಒಂದು ಸುತ್ತು ತಿರುಗಿದರೆ ಸುಮಾರು 1.9 ಮೀಟರ್. ದೂರ ಪಕ್ಕಾ ಸಿಗುತ್ತದೆ, ಆದರೆ ಹಿಂದಿನಿಂದ ಬೇರೆಯವರು ತಳ್ಳಿದ್ದೂ ನಿಮ್ಮ ಖಾತೆಗೇ! ಅದಕ್ಕೇ ಸಂಶೋಧಕರು ಮಣಿಕಟ್ಟಿಗೊಂದು, ಚಕ್ರಕ್ಕೊಂದು ಎರಡೂ ಹಾಕುತ್ತಾರೆ. ಚಕ್ರ ತಿರುಗುತ್ತಿದ್ದು ಕೈ ಸುಮ್ಮನಿದ್ದರೆ ಬೇರೆಯವರು ತಳ್ಳುತ್ತಿದ್ದಾರೆ, ಇಲ್ಲವೇ ಇಳಿಜಾರು.

ನಾನು ಮಾಡಿದ ದೊಡ್ಡ ತಪ್ಪು ಪುಶ್ ಸಂಖ್ಯೆಯ ಹಿಂದೆ ಬಿದ್ದದ್ದು. ಗುರಿ ಮುಟ್ಟಲೆಂದು ಚಿಕ್ಕಚಿಕ್ಕ ಪುಶ್ ಹಾಕುತ್ತಾ ಹೋದೆ. ಎರಡು ತಿಂಗಳಲ್ಲಿ ಬಲ ಭುಜ ಹಿಡಿದುಕೊಂಡಿತು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಫಿಸಿಯೋಥೆರಪಿಸ್ಟ್ ಹೇಳಿದ್ದು ತದ್ವಿರುದ್ಧ: ರಿಮ್ಮನ್ನು ಹಿಂದಿನಿಂದ ಹಿಡಿದು ಉದ್ದಕ್ಕೆ, ಮೆತ್ತಗೆ ತಳ್ಳಿ. ಅದೇ ದೂರಕ್ಕೆ ಪುಶ್ ಕಡಿಮೆಯಾದಷ್ಟೂ ಭುಜಕ್ಕೆ ಒಳ್ಳೆಯದು. ನಡೆಯುವವರಿಗೆ ಹೆಜ್ಜೆ ಇದ್ದ ಹಾಗೆ ನಮಗೆ ಪುಶ್ ಅಲ್ಲ.

ಈಗ ನಾನು ನಿಮಿಷ ಮಾತ್ರ ನೋಡುತ್ತೇನೆ. 2018ರಲ್ಲಿ ಬೆನ್ನುಹುರಿಗೆ ಪೆಟ್ಟಾದ ವಯಸ್ಕರಿಗೆಂದೇ ಬಂದ ಸಲಹೆ ಇದು: ಉಸಿರು ಏರುವಂಥ ವ್ಯಾಯಾಮ 20 ನಿಮಿಷ ವಾರಕ್ಕೆ ಎರಡು ಸಲ, ಜೊತೆಗೆ ಸ್ನಾಯುಬಲದ ವ್ಯಾಯಾಮವೂ ಎರಡು ಸಲ. ಹೃದಯ, ಸಕ್ಕರೆಯ ಆರೋಗ್ಯಕ್ಕಾದರೆ 30 ನಿಮಿಷ, ವಾರಕ್ಕೆ ಮೂರು ಸಲ.

ಕೊಳ್ಳುವ ಮೊದಲು ತಮ್ಮನನ್ನೇ ಕೇಳಿ. ಸರ್ಪ್ರೈಸ್ ಬೇಡ. ನನ್ನ ಆ ‘ಎದ್ದು ನಿಲ್ಲಿ’ ವಾಚ್ ಸರ್ಪ್ರೈಸ್ ಆಗಿಯೇ ಬಂದಿದ್ದು.