ಗೇರ್ ಆಯಿಲ್ ಕೂಲರ್ ಬಿಚ್ಚಿ ಎಸೆಯಬೇಡಿ, ಜಾಗ ಬದಲಿಸಿ

ಮುಂಗಾರು ಹತ್ತಿರ ಬಂತೆಂದರೆ ವಿಂಚ್ (ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ಮೋಟಾರು ರಾಟೆ) ಪ್ರಶ್ನೆಗಳು ಶುರು. ನಮ್ಮ ದಾವಣಗೆರೆ, ಚಿತ್ರದುರ್ಗ ಸೀಮೆಯ ಎರೆ ಹೊಲ ಒಮ್ಮೆ ಚೆನ್ನಾಗಿ ನೆನೆದರೆ ಫೋರ್ ವ್ಹೀಲ್ ಡ್ರೈವ್ ಗಾಡಿಯೂ ಹೂತುಕೊಳ್ಳುತ್ತದೆ. ವಿಂಚ್ ಬೇಕು ಅನ್ನಿಸುವುದು ಸಹಜ. ಆದರೆ ಪದೇ ಪದೇ ಬರುವ ಒಂದು ಪ್ರಶ್ನೆಗೆ ಊರಲ್ಲಿ ಸಿಗುತ್ತಿರುವ ಉತ್ತರ ಕೇಳಿದರೆ ಸಿಟ್ಟು ಬರುತ್ತದೆ. ಈ ಸಲ ಅದಕ್ಕೇ ಹೆಚ್ಚು ಜಾಗ.

ಪ್ರಶ್ನೆ: ನನ್ನದು ಆಟೋಮ್ಯಾಟಿಕ್ ಡೀಸೆಲ್ ಎಸ್‌ಯುವಿ. 9500 ಪೌಂಡ್ ಎಳೆಯುವ ವಿಂಚ್ ಕೂರಿಸಬೇಕು. ಎಸಿ ಕಂಡೆನ್ಸರ್ (ರೇಡಿಯೇಟರ್ ಎದುರಿನ ಎಸಿ ಜಾಲರಿ) ಮುಂದಿರುವ, ಗೇರ್‌ಬಾಕ್ಸ್ ಆಯಿಲ್ ತಣಿಸುವ ಕೂಲರ್ ಅಡ್ಡ ಬರುತ್ತಿದೆ. ‘ಬಿಚ್ಚಿ, ಎರಡೂ ಪೈಪ್ ಸೇರಿಸಿ ಲೂಪ್ ಮಾಡೋಣ, ಏನೂ ಆಗಲ್ಲ’ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮಾಡಿಸಬಹುದಾ? (ಚಿತ್ರದುರ್ಗದ ಓದುಗರು)

ಬೇಡ. ಲೂಪ್ ಮಾಡಿದ ಗಾಡಿ ಹೈವೇಯಲ್ಲಿ ಚೆನ್ನಾಗೇ ಓಡುತ್ತದೆ, ಜನ ಮೋಸ ಹೋಗುವುದೇ ಅಲ್ಲಿ. ಬೆಂಗಳೂರಿಗೆ ಹೋಗಿ ಬಂದು ‘ನೋಡಿ, ಏನೂ ಆಗಲಿಲ್ಲ’ ಅಂದವರೇ ಆಮೇಲೆ ಗೇರ್ ಸ್ಲಿಪ್ ಆಗ್ತಿದೆ ಅಂತ ಬರುತ್ತಾರೆ. ಹೈವೇಯಲ್ಲಿ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಆಗಿರುತ್ತದೆ, ಶಾಖ ಕಡಿಮೆ. ಕೆಸರಲ್ಲಿ, ಮರಳಲ್ಲಿ, ಕಲ್ಲಿನ ಏರಿನಲ್ಲಿ ಆ ಲಾಕ್ ಬಿಟ್ಟಿರುತ್ತದೆ. ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ನಿಧಾನ. ನಡುವಿನ ವ್ಯತ್ಯಾಸವೆಲ್ಲ ಆಯಿಲ್‌ನೊಳಗೆ ಶಾಖವಾಗುತ್ತದೆ. ಗಾಡಿ ತೆವಳುತ್ತಿರುವುದರಿಂದ ಎದುರಿನಿಂದ ಗಾಳಿಯೂ ಬರುವುದಿಲ್ಲ. ಅಂದರೆ ವಿಂಚ್ ಬೇಕಾಗುವಂಥ ಜಾಗದಲ್ಲೇ ಕೂಲರ್ ಕೂಡ ಬೇಕಾಗುತ್ತದೆ.

ಆಯಿಲ್‌ಗೆ 80ರಿಂದ 95 ಡಿಗ್ರಿ ಸೆಲ್ಸಿಯಸ್ ಹಿತ. 110 ದಾಟಿದರೆ ನಾನು ಗಾಡಿ ನಿಲ್ಲಿಸುತ್ತೇನೆ. 120ರ ಮೇಲೆ ತುಂಬ ಹೊತ್ತು ಓಡಿಸಿದರೆ ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತದೆ, ಆಯಿಲ್ ಒತ್ತಡದಿಂದ ಗೇರ್ ಬದಲಿಸುವ ವಾಲ್ವ್ ಬಾಡಿಯಲ್ಲಿ ಅಂಟು ಕೂರುತ್ತದೆ, ಸೀಲ್‌ಗಳು ಗಟ್ಟಿಯಾಗುತ್ತವೆ, ಕೊನೆಗೆ ಕ್ಲಚ್ ಪ್ಲೇಟ್. ನಮ್ಮ ಕಡೆ ಏಪ್ರಿಲ್‌ನಲ್ಲಿ ಹೊರಗಿನ ಗಾಳಿಯೇ 38, 40 ಡಿಗ್ರಿ ಇರುತ್ತದೆ. ‘ರೇಡಿಯೇಟರ್ ಒಳಗೂ ಒಂದು ಕೂಲರ್ ಇದೆಯಲ್ಲ, ಅಷ್ಟು ಸಾಕು’ ಎನ್ನುವವರಿದ್ದಾರೆ. ನಿಮ್ಮ ಗಾಡಿಯಲ್ಲಿ ಎರಡೂ ಇದ್ದರೆ ಎರಡೂ ಬೇಕು ಅಂತಲೇ ಕಂಪನಿ ಇಟ್ಟಿದೆ. ಆಯಿಲ್ ಮೊದಲು ರೇಡಿಯೇಟರ್‌ಗೆ ಹೋಗಿ, ಆಮೇಲೆ ಹೊರಗಿನ ಕೂಲರ್‌ಗೆ ಹೋಗಿ, ಅಲ್ಲಿಂದ ಗೇರ್‌ಬಾಕ್ಸ್‌ಗೆ ಮರಳುವ ಕ್ರಮ ಇದ್ದರೆ ಅದನ್ನು ಹಾಗೇ ಉಳಿಸಿ.

ಕೂಲರ್ ಮುಟ್ಟುವ ಮೊದಲು ಒಂದು ವಿಷಯ ನೋಡಿ. ಎಷ್ಟೋ ಸಲ ಅಡ್ಡ ಬರುವುದು ವಿಂಚ್‌ನ ಡ್ರಮ್ (ಹಗ್ಗ ಸುತ್ತುವ ಉರುಳೆ) ಅಲ್ಲವೇ ಅಲ್ಲ, ಅದರ ಮೇಲೆ ಕೂರಿಸಿರುವ ಕಂಟ್ರೋಲ್ ಬಾಕ್ಸ್. ಅನೇಕ ವಿಂಚ್‌ಗಳಲ್ಲಿ ಅದನ್ನು ಬಿಚ್ಚಿ, ಉದ್ದದ ದಪ್ಪ ಕೇಬಲ್ ಹಾಕಿ ಬಾನೆಟ್ ಒಳಗೆ ಸರಿಸಬಹುದು. ಅಷ್ಟಕ್ಕೇ ಜಾಗ ಸಿಕ್ಕರೆ ಕೂಲರ್ ತಂಟೆಗೇ ಹೋಗಬೇಡಿ.

ಸಾಲದಿದ್ದರೆ ಕೂಲರ್ ಸರಿಸಿ. ನನ್ನ ಮೊದಲ ಆಯ್ಕೆ ಅದೇ ಮುಂಭಾಗದಲ್ಲಿ, ಕಂಡೆನ್ಸರ್ ಎದುರಿಗೇ, ವಿಂಚ್ ಮರೆಮಾಡದ ಮೇಲಿನ ಅಥವಾ ಪಕ್ಕದ ಜಾಗ. ಪೈಪ್ ಉದ್ದವೂ ಕಡಿಮೆ, ರೇಡಿಯೇಟರ್ ಫ್ಯಾನ್ ಗಾಡಿ ನಿಂತಾಗಲೂ ಗಾಳಿ ಎಳೆಯುತ್ತದೆ. ವಿಂಚ್ ಬೆನ್ನಿಗೆ ಒತ್ತಿದಂತೆ ಕೂರಿಸಿದರೆ ಕೂಲರ್ ಇದ್ದೂ ಇಲ್ಲದಂತೆ. ಹಳೆಯದು ಹಿಡಿಸದಿದ್ದರೆ ಸ್ಟ್ಯಾಕ್ಡ್ ಪ್ಲೇಟ್ (ತೆಳು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ) ಕೂಲರ್ ತನ್ನಿ, ಅದೇ ಅಳತೆಯ ಟ್ಯೂಬ್ ಕೂಲರ್‌ಗಿಂತ ಚೆನ್ನಾಗಿ ತಣಿಸುತ್ತದೆ. ಕಂಡೆನ್ಸರ್‌ನಿಂದ ಒಂದೆರಡು ಸೆಂಟಿಮೀಟರ್ ಅಂತರ ಬಿಡಿ. ಬ್ರಾಕೆಟ್ ಮಾಡಿಸಿ, ರಬ್ಬರ್ ಬುಷ್ ಕೊಡಿ. ಕಂಡೆನ್ಸರ್ ಫಿನ್‌ಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವವರ ಹತ್ತಿರ ಗಾಡಿ ಬಿಡಲೇಬೇಡಿ. ಗಾಡಿ ಕುಲುಕಿದಾಗ ಉಜ್ಜಿ ಉಜ್ಜಿ ಕಂಡೆನ್ಸರ್ ತೂತಾಗುತ್ತದೆ, ಎಸಿ ಗ್ಯಾಸ್ ಖಾಲಿ.

ಮುಂದೆ ಜಾಗವೇ ಇಲ್ಲವೆಂದರೆ ಗಾಡಿಯ ಅಡಿಯಲ್ಲಿ, ಚಾಸಿ ಒಳಬದಿಗೆ ಹಾಕಬಹುದು. ಆಗ ಅದಕ್ಕೆ ಸ್ವಂತ ಎಲೆಕ್ಟ್ರಿಕ್ ಫ್ಯಾನ್, ಶಾಖ ನೋಡಿ ತಾನೇ ಆನ್ ಆಗುವ ಸ್ವಿಚ್, ಕೆಳಗೆ ಗಟ್ಟಿ ಗಾರ್ಡ್, ಮೂರೂ ಬೇಕು. ಸೈಲೆನ್ಸರ್‌ನಿಂದ ದೂರ ಇರಬೇಕು. ಫ್ಯಾನ್ ಇಲ್ಲದೆ ಅಡಿಯಲ್ಲಿ ಹಾಕಿದರೆ ಕೆಸರು ಮೆತ್ತಿಕೊಳ್ಳುವುದಕ್ಕೆ ಮಾತ್ರ ಉಪಯೋಗ.

ಪೈಪ್ ವಿಷಯದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಟ್ರಾನ್ಸ್‌ಮಿಷನ್ ಕೂಲರ್‌ಗೆಂದೇ ಬರುವ ಹೋಸ್ ಹಾಕಿ. ಅದರ ಮೇಲೆ ಎಸ್‌ಎಇ ಜೆ1532 (ಇಂಥ ಹೋಸ್‌ನ ಗುಣಮಟ್ಟದ ಗುರುತು) ಅಂತ ಅಚ್ಚಾಗಿರುವುದನ್ನು ಓದಿ ನೋಡಿ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಡೀಸೆಲ್ ಪೈಪ್ ಈ ಶಾಖ ತಾಳದೆ ಬಿರಿಯುತ್ತದೆ. ಲೋಹದ ಪೈಪ್ ಕತ್ತರಿಸಿದರೆ ತುದಿಗೆ ಉಬ್ಬು ಹೊಡೆಸಬೇಕು. ನುಣ್ಣಗಿನ ತುದಿಗೆ ಹೋಸ್ ತುರುಕಿ ಕ್ಲಿಪ್ ಬಿಗಿದರೆ ಒತ್ತಡಕ್ಕೆ ಜಾರಿ ಬರುತ್ತದೆ. ಬಿಸಿ ಆಯಿಲ್ ಟರ್ಬೊ ಮೇಲೆ ಚೆಲ್ಲಿದರೆ ಬೆಂಕಿ ಹತ್ತಬಹುದು. ಬೆಂಕಿ ಹತ್ತದಿದ್ದರೂ ಪಂಪ್ ಆಯಿಲನ್ನೆಲ್ಲ ಬೇಗನೆ ರಸ್ತೆಗೆ ಚೆಲ್ಲಿ ಗೇರ್‌ಬಾಕ್ಸ್ ಒಣಗಿಸುತ್ತದೆ. ಎಂಜಿನ್ ಅಲುಗುವುದರಿಂದ ಹೋಸ್‌ಗೆ ಸ್ವಲ್ಪ ಸಡಿಲ ಬಿಡಿ, ತಗಡಿನ ಅಂಚು ದಾಟುವಲ್ಲಿ ರಬ್ಬರ್ ಹಾಕಿಸಿ.

ಕೆಲಸ ಮುಗಿದ ಮೇಲೆ ಆಯಿಲ್ ಮಟ್ಟ ನೋಡಲೇಬೇಕು. ಹೊಸ ಪೈಪ್, ಹೊಸ ಕೂಲರ್ ತುಂಬಲು ಜಾಸ್ತಿ ಆಯಿಲ್ ಹಿಡಿಯುತ್ತದೆ. ಈಗಿನ ಅನೇಕ ಗೇರ್‌ಬಾಕ್ಸ್‌ಗಳಲ್ಲಿ ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಚಾಲೂ ಇಟ್ಟು, ಕಂಪನಿ ಹೇಳಿದ ಉಷ್ಣತೆಗೆ ಬಂದಾಗ ಪ್ಲಗ್ ಬಿಚ್ಚಿ ನೋಡಬೇಕು. ಆ ಉಷ್ಣತೆಯನ್ನು ಗಾಡಿಯ ಕಂಪ್ಯೂಟರ್‌ನಿಂದ ಓದುವ ಸ್ಕ್ಯಾನರ್ ಇಲ್ಲದವರಿಗೆ ಇದು ಆಗದ ಕೆಲಸ. ಕೆಂಪಗಿರುವ ಆಯಿಲ್ ಎಲ್ಲ ಒಂದೇ ಅನ್ನುವವರಿಂದ ಆಯಿಲ್ ಹಾಕಿಸಬೇಡಿ, ಮ್ಯಾನುಯಲ್‌ನಲ್ಲಿ ಬರೆದ ಗ್ರೇಡ್ ಮಾತ್ರ.

ಕೂಲರ್ ಸರಿಸುವ ಮುಂಚೆಯೇ ಒಂದು ಮಧ್ಯಾಹ್ನ ಎಸಿ ಹಾಕಿಕೊಂಡು ಗೊತ್ತಿರುವ ಏರಿನಲ್ಲಿ ಗಾಡಿ ಓಡಿಸಿ, ಸ್ಕ್ಯಾನರ್‌ನಲ್ಲಿ ಆಯಿಲ್ ಉಷ್ಣತೆ ಬರೆದಿಡಿ. ಸರಿಸಿದ ಮೇಲೆ ಅದೇ ದಾರಿ, ಅದೇ ಹೊತ್ತು. ಹತ್ತು ಡಿಗ್ರಿ ಏರಿದ್ದರೆ ಜಾಗ ಸರಿಯಿಲ್ಲ ಅಂತಲೇ ಅರ್ಥ. ಸುಗ್ಗಿಯಲ್ಲಿ ಇನ್ನೊಂದು ಕಾಟ. ರಸ್ತೆ ಮೇಲೆ ಮೆಕ್ಕೆಜೋಳ, ರಾಗಿ ಹರಡಿರುತ್ತಾರೆ, ಆ ಹೊಟ್ಟು ಕೂಲರ್ ಮತ್ತು ಕಂಡೆನ್ಸರ್ ನಡುವೆ ಸೇರಿ ಗಾಳಿ ಕಟ್ಟಿಹಾಕುತ್ತದೆ. ಹಗುರ ಒತ್ತಡದ ನೀರಿನಲ್ಲಿ ಒಳಗಿನಿಂದ ಹೊರಕ್ಕೆ ತೊಳೆಸಿ.

ಇನ್ನು ವಿಂಚ್ ಕೂರಿಸಲು ಹಾಕಿಸುವ ಸ್ಟೀಲ್ ಬಂಪರ್. ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ. ಮೋಟಾರು ವಾಹನ ಕಾಯ್ದೆಯಲ್ಲಿ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಇದೆ. ಏರ್‌ಬ್ಯಾಗ್‌ನ ಮುಂದಿನ ಸೆನ್ಸರ್ ಕೂಡ ಅದೇ ಜಾಗದಲ್ಲಿ ಇರುತ್ತದೆ. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ, ಆಮೇಲೆ ಬಂಪರ್‌ಗೆ ದುಡ್ಡು ಕೊಡಿ.

ಪ್ರಶ್ನೆ: ಮ್ಯಾನುಯಲ್ ಗೇರ್ ಜೀಪಿಗೂ ಕೂಲರ್ ಹಾಕಿಸಬೇಕಾ?

ಬೇಡ. ಹಾಕಿಸಿ ಅಂದವರನ್ನು ಬದಲಾಯಿಸಿ.

ಪ್ರಶ್ನೆ: ಗೇರ್‌ಬಾಕ್ಸ್ ಬಿಸಿಯಾದಾಗ ಕೂಲರ್ ಮೇಲೆ ತಣ್ಣೀರು ಸುರಿಯಬಹುದಾ?

ಸುರಿಯಬೇಡಿ. ಗಾಡಿಯನ್ನು ಪಾರ್ಕ್‌ಗೆ ಹಾಕಿ, ಎಂಜಿನ್ ಆಫ್ ಮಾಡದೆ, 1200ರಿಂದ 1500 ಆರ್‌ಪಿಎಂನಲ್ಲಿ ಬಿಡಿ. ಪಂಪ್ ಆಯಿಲನ್ನು ಕೂಲರ್ ಮೂಲಕ ತಿರುಗಿಸುತ್ತಾ ಇರುತ್ತದೆ.

ಪ್ರಶ್ನೆ: ವಿಂಚ್‌ನಿಂದ ಬೇರೆ ಗಾಡಿ ಎಳೆಯುವಾಗ ನಮ್ಮ ಗಾಡಿ ಪಾರ್ಕ್‌ನಲ್ಲಿರಬೇಕಾ?

ಖಂಡಿತ ಬೇಡ. ಎಳೆತವೆಲ್ಲ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಬೀಳುತ್ತದೆ. ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ದಪ್ಪ ಕಲ್ಲು, ಕಾಲು ಬ್ರೇಕ್ ಮೇಲೆ. ಹಗ್ಗದ ಹತ್ತಿರ ಯಾರೂ ನಿಲ್ಲದಂತೆ ನೋಡಿಕೊಳ್ಳಿ, ಮಕ್ಕಳನ್ನಂತೂ ದೂರ ಕಳಿಸಿ.