ಏಳನೆಯ ಸ್ಥಾನದ ತಂಡ ಚಾಂಪಿಯನ್ ಆದದ್ದು ನ್ಯಾಯವೇ? ಎಎಫ್‌ಎಲ್‌ನ 2016ರ ಋತು

ನೀವು ಎರಡು ವಿಷಯ ಕೇಳಿದ್ದೀರಿ. ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗಿನ 2016ರ ಋತುವಿನಲ್ಲಿ ಅಂಕಪಟ್ಟಿಯ ಏಳನೆಯ ಸ್ಥಾನದಲ್ಲಿದ್ದ ವೆಸ್ಟರ್ನ್ ಬುಲ್‌ಡಾಗ್ಸ್ ತಂಡಕ್ಕೆ ಪ್ರಶಸ್ತಿ ಸಿಕ್ಕಿದ್ದು ನ್ಯಾಯವೇ, ಹಾಗಾದರೆ ಲೀಗ್ ಹಂತದ ಇಪ್ಪತ್ತೆರಡು ಪಂದ್ಯಗಳಿಗೆ ಬೆಲೆ ಏನು ಎಂಬುದು ಒಂದು. ಆ ಋತುವಿನ ಒಂದೇ ಪಂದ್ಯವನ್ನು ನೋಡುವುದಾದರೆ ಯಾವುದನ್ನು ನೋಡಬೇಕು ಎಂಬುದು ಇನ್ನೊಂದು. ನಾನು ಮೆಲ್ಬರ್ನ್ ನಗರದ ಪಶ್ಚಿಮ ಭಾಗದಲ್ಲಿ ನೆಲೆಸಿರುವವನು ಮತ್ತು ಅದೇ ತಂಡದ ಬೆಂಬಲಿಗ. ನನ್ನ ಮಾತನ್ನು ತೂಗುವಾಗ ಅದು ನಿಮ್ಮ ಗಮನದಲ್ಲಿರಲಿ. ಆದರೆ ಅಭಿಮಾನವನ್ನು ಬದಿಗಿಟ್ಟು ಲೆಕ್ಕವನ್ನಷ್ಟೇ ನೋಡಿದರೂ ಆ ಗೆಲುವು ಪೂರ್ತಿ ನ್ಯಾಯವಾದದ್ದು ಎಂಬುದೇ ನನ್ನ ಅಭಿಪ್ರಾಯ.

ಆಟದ ಪರಿಚಯ ನಿಮಗೆ ಹೆಚ್ಚಾಗಿ ಇರಲಾರದು ಎಂದುಕೊಂಡು ಅಗತ್ಯವಿರುವಷ್ಟನ್ನು ಹೇಳುತ್ತೇನೆ. ಕ್ರಿಕೆಟ್ ಆಡುವಂಥದೇ ಅಂಡಾಕಾರದ ಮೈದಾನದಲ್ಲಿ ಎರಡೂ ಕಡೆ ಹದಿನೆಂಟು ಮಂದಿ ಆಡುತ್ತಾರೆ. ಎರಡು ತುದಿಗಳಲ್ಲಿಯೂ ನಾಲ್ಕು ನಾಲ್ಕು ಕಂಬಗಳಿರುತ್ತವೆ. ಚೆಂಡನ್ನು ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲ್, ಅದಕ್ಕೆ ಆರು ಅಂಕ. ನಡುವಿನ ಕಂಬಕ್ಕೂ ಅದರ ಪಕ್ಕದ ಕಂಬಕ್ಕೂ ಮಧ್ಯೆ ಹೋದರೆ ಬಿಹೈಂಡ್, ಅದಕ್ಕೆ ಒಂದು ಅಂಕ. ಚೆಂಡನ್ನು ಎಸೆಯುವಂತಿಲ್ಲ, ಒದೆಯಬೇಕು ಅಥವಾ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಹೊಡೆದು ಜೊತೆಗಾರನಿಗೆ ದಾಟಿಸಬೇಕು. ಈ ಮುಷ್ಟಿಯ ಹೊಡೆತಕ್ಕೆ ಹ್ಯಾಂಡ್‌ಬಾಲ್ ಎನ್ನುತ್ತಾರೆ. ಇಕ್ಕಟ್ಟಿನಲ್ಲಿ ಸಿಕ್ಕಿಬಿದ್ದಾಗ ಒಬ್ಬರಿಂದ ಒಬ್ಬರಿಗೆ ಹ್ಯಾಂಡ್‌ಬಾಲ್‌ಗಳನ್ನು ಸರಸರನೆ ದಾಟಿಸಿ ಹೊರಬರುವುದೇ ಆ ವರ್ಷದ ಬುಲ್‌ಡಾಗ್ಸ್ ತಂಡದ ಗುರುತಾಗಿತ್ತು.

ಈಗ ನ್ಯಾಯದ ಪ್ರಶ್ನೆಗೆ ಬರೋಣ. 2016ರಲ್ಲಿ ಲೀಗಿನಲ್ಲಿ ಹದಿನೆಂಟು ತಂಡಗಳಿದ್ದವು, ಪ್ರತಿ ತಂಡಕ್ಕೂ ಇಪ್ಪತ್ತೆರಡು ಪಂದ್ಯಗಳು. ಎದುರಾಳಿಗಳು ಹದಿನೇಳು ಮಂದಿ, ಆದ್ದರಿಂದ ಪ್ರತಿಯೊಂದು ತಂಡವೂ ಐದು ತಂಡಗಳನ್ನು ಎರಡು ಬಾರಿ, ಉಳಿದ ಹನ್ನೆರಡನ್ನು ಒಂದೇ ಬಾರಿ ಎದುರಿಸುತ್ತಿತ್ತು. ಆ ಐದು ತಂಡಗಳು ಯಾವುವು ಎಂಬುದು ಎಲ್ಲರಿಗೂ ಒಂದೇ ಆಗಿರಲಿಲ್ಲ. ಹಿಂದಿನ ವರ್ಷದ ಸ್ಥಾನವನ್ನೂ, ಹೆಚ್ಚು ಜನ ಸೇರುವ ಸಾಂಪ್ರದಾಯಿಕ ಪಂದ್ಯಗಳನ್ನೂ ಗಮನಿಸಿ ವೇಳಾಪಟ್ಟಿ ಮಾಡುತ್ತಾರೆ. ಹೀಗಿರುವಾಗ ಅಂಕಪಟ್ಟಿಯನ್ನು ಅಂತಿಮ ತೀರ್ಪೆಂದು ಒಪ್ಪುವುದು ಹೇಗೆ? ಸಾಲದ್ದಕ್ಕೆ 2016ರ ಪಟ್ಟಿ ಬಹಳ ಬಿಗಿಯಾಗಿತ್ತು. ಸಿಡ್ನಿ ಸ್ವಾನ್ಸ್, ಜಿಲಾಂಗ್ ಮತ್ತು ಹಾಥಾರ್ನ್ ತಲಾ 17 ಗೆಲುವುಗಳೊಂದಿಗೆ ಮೊದಲ ಮೂರು ಸ್ಥಾನಗಳಲ್ಲಿದ್ದವು. ಗ್ರೇಟರ್ ವೆಸ್ಟರ್ನ್ ಸಿಡ್ನಿ, ಅಡಿಲೇಡ್ ಮತ್ತು ವೆಸ್ಟ್ ಕೋಸ್ಟ್ ತಲಾ 16 ಗೆದ್ದಿದ್ದವು. ಬುಲ್‌ಡಾಗ್ಸ್ 15 ಗೆದ್ದಿತ್ತು. ಮೊದಲ ಸ್ಥಾನಕ್ಕೂ ಏಳನೆಯ ಸ್ಥಾನಕ್ಕೂ ಇದ್ದ ಅಂತರ ಎರಡೇ ಗೆಲುವು. ಎಂಟನೆಯ ಸ್ಥಾನದ ನಾರ್ತ್ ಮೆಲ್ಬರ್ನ್ 12 ಗೆಲುವುಗಳಲ್ಲಿಯೇ ನಿಂತಿತ್ತು ಎಂಬುದನ್ನು ನೋಡಿದರೆ, ಏಳನೆಯ ತಂಡ ಬಲದಲ್ಲಿ ಯಾರ ಸಾಲಿನಲ್ಲಿತ್ತು ಎಂಬುದು ಸ್ಪಷ್ಟವಾಗುತ್ತದೆ. (ಪಟ್ಟಿಯ ತಳದಲ್ಲಿ ಎಸೆಂಡನ್ ಇತ್ತು. ಪೂರಕ ಔಷಧಗಳ ಹಗರಣದಲ್ಲಿ ಆ ತಂಡದ ಹಾಲಿ ಮತ್ತು ಮಾಜಿ ಆಟಗಾರರಾದ 34 ಮಂದಿಗೆ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಆ ವರ್ಷದ ಜನವರಿಯಲ್ಲಿ ನಿಷೇಧ ವಿಧಿಸಿತ್ತು. ತಂಡ ಮೂರೇ ಪಂದ್ಯ ಗೆದ್ದಿತು.)

ಅಂತಿಮ ಹಂತದ ವ್ಯವಸ್ಥೆ ಇನ್ನೂ ಮುಖ್ಯವಾದದ್ದು. ಐಪಿಎಲ್‌ನಲ್ಲಿ ಮೊದಲ ಎರಡು ತಂಡಗಳಿಗೆ ಎರಡನೆಯ ಅವಕಾಶವಿರುವಂತೆ ಇಲ್ಲಿ ಮೊದಲ ನಾಲ್ಕು ತಂಡಗಳಿಗೆ ಅದು ಇರುತ್ತದೆ: ಫೈನಲ್ಸ್ ಎಂದು ಕರೆಯುವ ಈ ಅಂತಿಮ ಹಂತದ ಮೊದಲ ಪಂದ್ಯ ಸೋತರೂ ಅವು ಹೊರಬೀಳುವುದಿಲ್ಲ, ಗೆದ್ದರೆ ಒಂದು ವಾರದ ವಿಶ್ರಾಂತಿ ಸಿಗುತ್ತದೆ. 2016ರಲ್ಲಿ ಐದರಿಂದ ಎಂಟರವರೆಗಿನ ತಂಡಗಳಿಗೆ ಈ ಎರಡೂ ಇರಲಿಲ್ಲ. ಪ್ರಶಸ್ತಿ ಬೇಕೆಂದರೆ ಅವು ಸತತ ನಾಲ್ಕು ವಾರ ಆಡಿ ನಾಲ್ಕನ್ನೂ ಗೆಲ್ಲಲೇಬೇಕಿತ್ತು. ಕಾಕತಾಳೀಯವೆಂಬಂತೆ, ಎಲಿಮಿನೇಟರ್ ಹಾದಿಯಿಂದ ಬಂದ ತಂಡವೊಂದು ಐಪಿಎಲ್ ಗೆದ್ದದ್ದು ಮೊದಲ ಬಾರಿಗೆ ಅದೇ 2016ರಲ್ಲಿ. ಮೂರನೆಯ ಸ್ಥಾನದಲ್ಲಿದ್ದ ಸನ್‌ರೈಸರ್ಸ್ ಹೈದರಾಬಾದ್ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿಯೇ ಆರ್‌ಸಿಬಿಯನ್ನು ಎಂಟು ರನ್‌ಗಳಿಂದ ಸೋಲಿಸಿದ್ದನ್ನು ಕನ್ನಡಿಗರು ಮರೆತಿರಲಾರರು. ಆ ಸೋಲು ನಮಗೆ ನೋವು ತಂದಿತು, ಆದರೆ ಅದನ್ನು ಅನ್ಯಾಯವೆಂದು ಯಾರೂ ಹೇಳಲಿಲ್ಲ. ಹೈದರಾಬಾದ್ ಮೂರು ನಾಕೌಟ್ ಪಂದ್ಯ ಗೆಲ್ಲಬೇಕಿತ್ತು, ಬುಲ್‌ಡಾಗ್ಸ್ ನಾಲ್ಕು.

ಆ ನಾಲ್ಕರ ಹಾದಿಯನ್ನು ನೋಡಿ. ಲೀಗ್ ಹಂತದ ಕೊನೆಯ ಪಂದ್ಯವನ್ನು ಪರ್ತ್‌ನಲ್ಲಿ ಫ್ರೀಮ್ಯಾಂಟಲ್ ವಿರುದ್ಧ ಸೋತ ತಂಡ, ಸೆಪ್ಟೆಂಬರ್ 8ರಂದು ಮತ್ತೆ ದೇಶದ ಇನ್ನೊಂದು ತುದಿಯ ಅದೇ ಮೈದಾನಕ್ಕೆ ಹೋಗಿ, ಹಿಂದಿನ ವರ್ಷದ ರನ್ನರ್ ಅಪ್ ವೆಸ್ಟ್ ಕೋಸ್ಟನ್ನು 47 ಅಂಕಗಳಿಂದ ಸೋಲಿಸಿತು. ವೆಸ್ಟ್ ಕೋಸ್ಟಿನ ಪ್ರಮುಖ ಆಟಗಾರ ನಿಕ್ ನೈಟನೂಯಿ ಮೊಣಕಾಲಿನ ಗಾಯದಿಂದ ಆಡಲಿಲ್ಲ, ಅದನ್ನೂ ಹೇಳಬೇಕು. ಮರುವಾರ ಮೆಲ್ಬರ್ನ್ ಕ್ರಿಕೆಟ್ ಮೈದಾನವಾದ ಎಂಸಿಜಿಯಲ್ಲಿ ಹಾಥಾರ್ನ್ ಎದುರಾಯಿತು. 2013, 2014, 2015 ಮೂರೂ ವರ್ಷಗಳ ಚಾಂಪಿಯನ್ ತಂಡ ಅದು. ಬುಲ್‌ಡಾಗ್ಸ್ 23 ಅಂಕಗಳಿಂದ ಗೆದ್ದಿತು. ಮೂರನೆಯದು ಸಿಡ್ನಿಯಲ್ಲಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ವಿರುದ್ಧ, ಆರು ಅಂಕಗಳ ಗೆಲುವು. ನಾಲ್ಕನೆಯದು ಅಕ್ಟೋಬರ್ 1ರ ಗ್ರ್ಯಾಂಡ್ ಫೈನಲ್, ಅಂದರೆ ಪ್ರಶಸ್ತಿ ನಿರ್ಧರಿಸುವ ಪಂದ್ಯ. ಅಲ್ಲಿ ಎದುರಾದ ಅಗ್ರಸ್ಥಾನದ ಸಿಡ್ನಿ ಸ್ವಾನ್ಸ್ ತನ್ನ ಮೊದಲ ಫೈನಲ್ಸ್ ಪಂದ್ಯವನ್ನು ನೆರೆಯ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಸೋತಿತ್ತು. ಅಗ್ರ ನಾಲ್ಕರಲ್ಲಿದ್ದುದರಿಂದ ಉಳಿದುಕೊಂಡು ಮುಂದೆ ಬಂದಿತ್ತು. ಲೀಗ್ ಹಂತದ ಇಪ್ಪತ್ತೆರಡು ಪಂದ್ಯಗಳ ಬೆಲೆ ಅದೇ. ಸ್ವಾನ್ಸ್‌ಗೆ ಸಲ್ಲಬೇಕಾದ ಬಹುಮಾನ ಅದಕ್ಕೆ ಸಂದಿತ್ತು, ಅದನ್ನು ಅದು ಬಳಸಿಕೊಂಡಿತ್ತು ಕೂಡ. ಬುಲ್‌ಡಾಗ್ಸ್ ತಂಡಕ್ಕೆ ಅಂಥ ಒಂದು ಸೋಲಿನ ಸವಲತ್ತು ಇರಲಿಲ್ಲ.

ಅದೃಷ್ಟದ ಪಾಲು ಇರಲೇ ಇಲ್ಲವೆಂದು ನಾನು ವಾದಿಸುವುದಿಲ್ಲ. 2015ರಲ್ಲಿ ಕೆಲವು ತಂಡಗಳು ಲೀಗ್ ಹಂತದ ಕೊನೆಯ ಸುತ್ತಿನಲ್ಲಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟದ್ದರಿಂದ, ಫೈನಲ್ಸ್‌ಗೆ ಮುನ್ನ ಎಲ್ಲರಿಗೂ ಒಂದು ವಾರದ ಬಿಡುವು ಕೊಡುವ ಪದ್ಧತಿಯನ್ನು ಲೀಗ್ 2016ರಲ್ಲಿಯೇ ಮೊದಲ ಸಲ ತಂದಿತು. ಗಾಯದಿಂದ ಹೊರಗಿದ್ದ ಜ್ಯಾಕ್ ಮೆಕ್ರೇ, ಟಾಮ್ ಲಿಬರಟೋರ್, ಈಸ್ಟನ್ ವುಡ್ ಮುಂತಾದವರು ಪರ್ತ್ ಪಂದ್ಯದ ಹೊತ್ತಿಗೆ ತಂಡಕ್ಕೆ ಮರಳಲು ಆ ಬಿಡುವು ನೆರವಾಯಿತು. ಆದರೆ ಬಿಡುವು ಎಂಟೂ ತಂಡಗಳಿಗೆ ಸಿಕ್ಕಿತ್ತು. ಮತ್ತು ಆ ವರ್ಷ ಗಾಯಗಳ ವಿಷಯದಲ್ಲಿ ಬುಲ್‌ಡಾಗ್ಸ್ ತಂಡದಷ್ಟು ನಷ್ಟ ಅನುಭವಿಸಿ ಫೈನಲ್ಸ್ ತಲುಪಿದ ಬೇರೆ ತಂಡವನ್ನು ನಾನು ಕಾಣೆ. ನಾಯಕ ಬಾಬ್ ಮರ್ಫಿ ಮೂರನೆಯ ಸುತ್ತಿನಲ್ಲಿಯೇ ಮೊಣಕಾಲಿನ ಗಾಯದಿಂದ ಇಡೀ ಋತುವನ್ನು ಕಳೆದುಕೊಂಡರು. ಜುಲೈನಲ್ಲಿ ಸೇಂಟ್ ಕಿಲ್ಡಾ ವಿರುದ್ಧದ ಒಂದೇ ಪಂದ್ಯದಲ್ಲಿ ಮಿಚ್ ವಾಲಿಸ್ ಅವರ ಕಾಲು ಮುರಿಯಿತು, ಜ್ಯಾಕ್ ರೆಡ್‌ಪಾತ್ ಅವರ ಮೊಣಕಾಲು ಕೈಕೊಟ್ಟಿತು.

ಈ ಗೆಲುವನ್ನು ಮೆಲ್ಬರ್ನಿನ ಪಶ್ಚಿಮ ಭಾಗದವರು ಇಷ್ಟೊಂದು ಹಚ್ಚಿಕೊಂಡದ್ದಕ್ಕೆ ಹಳೆಯ ಕಾರಣಗಳಿವೆ. ಫುಟ್ಸ್‌ಕ್ರೇ ಎಂಬ ಕಾರ್ಮಿಕರ ಬಡಾವಣೆಯ ತಂಡವಾಗಿ 1925ರಲ್ಲಿ ಲೀಗಿಗೆ ಬಂದ ಈ ಕ್ಲಬ್ 1954ರಲ್ಲಿ ಒಮ್ಮೆ ಮಾತ್ರ ಪ್ರಶಸ್ತಿ ಗೆದ್ದಿತ್ತು; 1961ರ ನಂತರ ಗ್ರ್ಯಾಂಡ್ ಫೈನಲ್ಲಿಗೂ ಹೋಗಿರಲಿಲ್ಲ. 1989ರಲ್ಲಿ ಸಾಲದ ಹೊರೆಯಿಂದಾಗಿ ಇದನ್ನು ಫಿಟ್ಜ್‌ರಾಯ್ ಕ್ಲಬ್ಬಿನೊಂದಿಗೆ ವಿಲೀನಗೊಳಿಸುವ ಘೋಷಣೆಯೇ ಆಗಿತ್ತು. ಪೀಟರ್ ಗಾರ್ಡನ್ ಎಂಬ ವಕೀಲರ ಮುಂದಾಳತ್ವದಲ್ಲಿ ಊರಿನ ಜನ ಬೀದಿಗಿಳಿದು, ಕೆಲವೇ ವಾರಗಳಲ್ಲಿ ಹತ್ತು ಲಕ್ಷ ಡಾಲರಿಗೂ ಮೀರಿ ಹಣ ಕೂಡಿಸಿ ಕ್ಲಬ್ಬನ್ನು ಉಳಿಸಿಕೊಂಡರು. 2016ರಲ್ಲಿ ಕ್ಲಬ್ಬಿನ ಅಧ್ಯಕ್ಷರಾಗಿದ್ದವರೂ ಅವರೇ. ಅದಾದ ಮೇಲೆ ಗ್ರ್ಯಾಂಡ್ ಫೈನಲ್ಲಿನ ಹಿಂದಿನ ಹಂತದಲ್ಲಿ ಎಷ್ಟೋ ಸೋಲುಗಳು ಎದುರಾದವು. 1997ರಲ್ಲಿ ಅಡಿಲೇಡ್ ವಿರುದ್ಧ ಎರಡೇ ಅಂಕಗಳಿಂದ ಸೋತದ್ದನ್ನು ಹಿರಿಯ ಬೆಂಬಲಿಗರು ಇಂದಿಗೂ ದನಿ ತಗ್ಗಿಸಿಯೇ ಹೇಳುತ್ತಾರೆ. 2014ರ ಕೊನೆಯಲ್ಲಿ ನಾಯಕ ರಾಯನ್ ಗ್ರಿಫನ್ ತಂಡ ಬಿಟ್ಟು ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೋದರು, ತರಬೇತುದಾರರೂ ನಿರ್ಗಮಿಸಿದರು. ಆಗ ಬಂದವರು ಲ್ಯೂಕ್ ಬೆವರಿಜ್. ಎರಡೇ ಋತುಗಳಲ್ಲಿ ಅವರು ಕಟ್ಟಿದ ತಂಡ ಇದು. ಗ್ರಿಫನ್ ಅವರಿಗೆ ಬದಲಾಗಿ ಅದೇ ಕ್ಲಬ್ಬಿನಿಂದ ಬಂದ ಎಳೆಯ ಆಟಗಾರ ಟಾಮ್ ಬಾಯ್ಡ್ ಅವರಿಗೆ ಕೊಟ್ಟ ಭಾರೀ ಸಂಬಳದ ಬಗ್ಗೆ ಎರಡು ವರ್ಷ ಟೀಕೆಗಳು ನಿಂತಿರಲಿಲ್ಲ.

ಗ್ರ್ಯಾಂಡ್ ಫೈನಲ್ ದಿನ ಎಂಸಿಜಿಯಲ್ಲಿ 99,981 ಮಂದಿ ಸೇರಿದ್ದರು. ಮುಕ್ಕಾಲು ಆಟ ಮುಗಿದಾಗ ಬುಲ್‌ಡಾಗ್ಸ್ ಮುನ್ನಡೆ ಎಂಟೇ ಅಂಕ. ಕೊನೆಯ ಕ್ವಾರ್ಟರಿನಲ್ಲಿ ಡೇಲ್ ಮಾರಿಸ್ ಸ್ವಾನ್ಸ್‌ನ ಲ್ಯಾನ್ಸ್ ಫ್ರ್ಯಾಂಕ್ಲಿನ್ ಅವರನ್ನು ಹಿಂದಿನಿಂದ ಹಿಡಿದು ಕೆಡವಿದಾಗ ಸಿಡಿದ ಚೆಂಡು ಬಾಯ್ಡ್ ಕೈಸೇರಿತು. ಅವರು ಬಲು ದೂರದಿಂದ ಒದ್ದ ಆ ಚೆಂಡು ಪುಟಿಯುತ್ತ ಕಂಬಗಳ ನಡುವೆ ಹೋಯಿತು, ಅದು ಆ ದಿನ ಅವರ ಮೂರನೆಯ ಗೋಲ್. ಅಂತಿಮ ಅಂಕ 89–67. ಎದುರಾಳಿ ನಿಯಮ ಮುರಿದಾಗ ಅಂಪೈರ್ ಕೊಡುವ ಫ್ರೀ ಕಿಕ್‌ಗಳ ಎಣಿಕೆ ಬುಲ್‌ಡಾಗ್ಸ್ ಪರ 20–8 ಇದ್ದುದರಿಂದ ಸಿಡ್ನಿಯವರು ಇಂದಿಗೂ ಅಂಪೈರಿಂಗ್ ಬಗ್ಗೆ ಅಸಮಾಧಾನ ವ್ಯಕ್ತಪಡಿಸುತ್ತಾರೆ. ನಿಮ್ಮ ಪ್ರಶ್ನೆಗೆ ವಿರುದ್ಧ ಉತ್ತರ ಕೊಡಬಯಸುವವರ ಬಳಿ ಇರುವ ಅತ್ಯಂತ ಗಟ್ಟಿಯಾದ ವಾದ ಅದೇ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪಂದ್ಯ ಶ್ರೇಷ್ಠನಿಗೆ ಕೊಡುವ ನಾರ್ಮ್ ಸ್ಮಿತ್ ಪದಕ ಪಡೆದ ಜೇಸನ್ ಜೊಹಾನಿಸನ್, ಅದೇ ಜುಲೈನಲ್ಲಿ ಸಿಡ್ನಿಯ ಮೈದಾನದಲ್ಲಿಯೇ ಕೊನೆಯ ಕ್ಷಣಗಳ ಗೋಲಿನಿಂದ ಸ್ವಾನ್ಸ್ ವಿರುದ್ಧ ನಾಲ್ಕು ಅಂಕಗಳ ಗೆಲುವು ತಂದವರು. ಒಂದೇ ಋತುವಿನಲ್ಲಿ ಅಗ್ರಸ್ಥಾನದ ತಂಡವನ್ನು ಅದರ ಊರಿನಲ್ಲಿ ಒಮ್ಮೆ, ಗ್ರ್ಯಾಂಡ್ ಫೈನಲ್ಲಿನಲ್ಲಿ ಒಮ್ಮೆ ಸೋಲಿಸಿದವರನ್ನು ಯೋಗ್ಯರಲ್ಲ ಎನ್ನುವುದು ಕಷ್ಟ. ಪ್ರಶಸ್ತಿ ವಿತರಣೆಯಲ್ಲಿ ಬೆವರಿಜ್ ತರಬೇತುದಾರನಿಗೆ ಸಲ್ಲುವ ಪದಕವನ್ನು ತಮ್ಮ ಕೊರಳಿನಿಂದ ತೆಗೆದು, ಆಡಲಾಗದೆ ಉಳಿದಿದ್ದ ಮರ್ಫಿಯವರನ್ನು ವೇದಿಕೆಗೆ ಕರೆದು ಅವರ ಕೊರಳಿಗೆ ಹಾಕಿದರು. ಆಸ್ಟ್ರೇಲಿಯದ ಕ್ರೀಡಾಲೋಕದಲ್ಲಿ ನಾನು ಕಂಡ ಅತ್ಯಂತ ಉದಾರವಾದ ನಡೆ ಅದು.

ಇಷ್ಟಾದರೂ, ಒಂದೇ ಪಂದ್ಯ ನೋಡುವುದಾದರೆ ನಾನು ಸೂಚಿಸುವುದು ಗ್ರ್ಯಾಂಡ್ ಫೈನಲ್ ಅಲ್ಲ, ಅದರ ಹಿಂದಿನ ಹಂತವಾದ ಸೆಪ್ಟೆಂಬರ್ 24ರ ಪ್ರಿಲಿಮಿನರಿ ಫೈನಲ್. ಎದುರಾಳಿ ಗ್ರೇಟರ್ ವೆಸ್ಟರ್ನ್ ಸಿಡ್ನಿ 2012ರಲ್ಲಷ್ಟೇ ಲೀಗಿಗೆ ಬಂದ, ಲೀಗ್ ತಾನೇ ಹುಟ್ಟುಹಾಕಿ ಎಳೆಯ ಪ್ರತಿಭೆಗಳನ್ನು ಧಾರಾಳವಾಗಿ ಒದಗಿಸಿದ್ದ ತಂಡ. ಅದರಲ್ಲಿ ಗ್ರಿಫನ್ ಆಡುತ್ತಿದ್ದರು, ಇತ್ತ ಬಾಯ್ಡ್ ಆಡುತ್ತಿದ್ದರು. ಮೆಲ್ಬರ್ನಿನಿಂದ ಸಾವಿರಾರು ಬೆಂಬಲಿಗರು ಹ್ಯೂಮ್ ಹೆದ್ದಾರಿಯಲ್ಲಿ ಸುಮಾರು ಒಂಬೈನೂರು ಕಿಲೋಮೀಟರ್ ಕಾರು ಓಡಿಸಿಕೊಂಡು ಹೋಗಿ ಆ ಪುಟ್ಟ ಕ್ರೀಡಾಂಗಣವನ್ನು ತುಂಬಿದ್ದರು. ಮೂರು ಬಾರಿ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಕ್ಲೇ ಸ್ಮಿತ್ ಆ ದಿನ ನಾಲ್ಕು ಗೋಲ್ ಹೊಡೆದರು. ಮುನ್ನಡೆ ಅತ್ತಿಂದಿತ್ತ ಬದಲಾಗುತ್ತಲೇ ಇತ್ತು. ಕೊನೆಯಲ್ಲಿ ಮೆಕ್ರೇ ಹೊಡೆದ ಗೋಲ್ ಬುಲ್‌ಡಾಗ್ಸ್ ತಂಡವನ್ನು ಮುಂದೆ ತಂದಿತು, ಉಳಿದ ನಿಮಿಷಗಳಲ್ಲಿ ಆ ಮುನ್ನಡೆಯನ್ನು ಅವರು ಬಿಟ್ಟುಕೊಡಲಿಲ್ಲ. ಪೂರ್ತಿ ನೋಡಲು ಸಮಯವಿಲ್ಲದಿದ್ದರೆ ಕೊನೆಯ ಕ್ವಾರ್ಟರನ್ನಾದರೂ ಮುಖ್ಯಾಂಶಗಳಾಗಿ ಕತ್ತರಿಸದೆ ಪೂರ್ಣವಾಗಿ ನೋಡಿ. ನಿಯಮಗಳು ಅರ್ಥವಾಗಲಿಲ್ಲವೆನಿಸಿದರೆ ಇಲ್ಲಿಯೇ ಕೇಳಿ, ಖಂಡಿತ ಉತ್ತರಿಸುತ್ತೇನೆ.